ಮೊಣಕಾಲು ನೋವಿನ ಅಭಿಪ್ರಾಯ

ಗುಂಡ್ಲುಪೇಟೆಯ ಮೀನಾ ಬರೆದ ಪುಸ್ತಕದಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಹೊಟ್ಟೆಕಿಚ್ಚು ಇರುವುದು ನಿಜ, ಹಾಳೆ ಖಾಲಿ ಇರುವುದೂ ನಿಜ.

ಚಾಮರಾಜನಗರ ಜಿಲ್ಲೆಯಾದ ಮರುವರ್ಷ, ನಾಲ್ಕನೇ ತರಗತಿಯ ಮಕ್ಕಳಿಗೆ ಬರವಣಿಗೆ ಕಲಿಸುವ ಪುಸ್ತಕ ಬೇಕೆಂದು ಶಿಕ್ಷಕರ ಸಮಿತಿಯೊಂದು ಕೇಳಿತು. ಕಥೆ, ಪದ್ಯ ಬೇಡ. ಗೊತ್ತಿರುವ ವಿಷಯವನ್ನು ತಿಳಿಸಿ ಬರೆಯುವುದು ಹೇಗೆ, ಅನ್ನಿಸಿದ್ದನ್ನು ಕಾರಣ ಕೊಟ್ಟು ಬರೆಯುವುದು ಹೇಗೆ, ಇಷ್ಟೇ ಇರಬೇಕು. ಹರದನಹಳ್ಳಿ ಕಡೆ ಇಪ್ಪತ್ತು ವರ್ಷ ಪಾಠ ಮಾಡಿದ ಪುಟ್ಟಮಲ್ಲಮ್ಮ, ಎಂದರೆ ನಾನು, ಒಂದು ಬರೆದೆ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಮೀನಾ ಒಂದು ಬರೆದಳು. ಅಚ್ಚಾಗುವುದು ಒಂದೇ, ಬರೆದವರ ಹೆಸರಿನ ಸಮೇತ. ನನ್ನ ಹೆಸರು ಅಚ್ಚಿನಲ್ಲಿ ಬಂದದ್ದು ಮದುವೆ ಪತ್ರಿಕೆಯಲ್ಲಿ ಮಾತ್ರ. ಅಲ್ಲೂ ದಪ್ಪಕ್ಷರ ಗಂಡನ ಹೆಸರಿಗೆ.

ನನ್ನ ಪುಸ್ತಕದಲ್ಲಿ ಅರಿಶಿನ, ರೇಷ್ಮೆಹುಳು, ಆನೆ, ಎಲ್ಲದರ ಮೇಲೂ ಮಾದರಿ ಪ್ರಬಂಧ. ಆನೆಯನ್ನು ದಂತದಿಂದ ಬಾಲದವರೆಗೆ ಬಿಡದೆ ಬರೆದಿದ್ದೆ. ಮೀನಾಳ ಪುಸ್ತಕದಲ್ಲಿ ‘ಆನೆಯ ಬಗ್ಗೆ ನಿನಗೇನು ಗೊತ್ತು? ಹೇಗೆ ಗೊತ್ತು?’ ಎಂದು ಎರಡು ಪ್ರಶ್ನೆ, ಕೆಳಗೆ ಬರೀ ಗೆರೆ. ಗೆರೆ ಎಳೆಯುವುದಕ್ಕೆ ಟಿ.ಸಿ.ಎಚ್. ತರಬೇತಿ ಬೇಕೇ?

ಸಭೆಯಲ್ಲಿ ಎಲ್ಲರೂ ಅವಳದನ್ನೇ ತಿರುವಿ ತಿರುವಿ ನೋಡಿದರು. ನನ್ನದನ್ನು ಎತ್ತಿ ಕೆಳಗಿಟ್ಟರು. “ಅಕ್ಕಾ, ನಿಮ್ಮ ಅಕ್ಷರ ಎಷ್ಟು ಚೆಂದ!” ಎಂದಳು ಮೀನಾ. ಹೊಗಳಲು ಬೇರೇನೂ ಸಿಗದಾಗ ಅಕ್ಷರವನ್ನು ಹೊಗಳುವುದು ನನಗೂ ಗೊತ್ತು. ದಡ್ಡ ಮಕ್ಕಳಿಗೆ ನಾನೂ ಅದನ್ನೇ ಹೇಳುವುದು. ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಮಕ್ಕಳೇ ತೀರ್ಮಾನಿಸಲಿ ಎಂದಾಯಿತು. ಎರಡೂ ಪುಸ್ತಕದ ಸೈಕ್ಲೋಸ್ಟೈಲ್ ಪ್ರತಿಗಳು ನನ್ನ ಶಾಲೆಗೂ ಮೀನಾಳ ಶಾಲೆಗೂ ಬಂದವು. ಮಕ್ಕಳು ಓದಿ, ಯಾವ ಪುಸ್ತಕ ಚೆಂದ, ಯಾಕೆ ಎಂದು ಬರೆಯಬೇಕು. ಟೀಚರು ಅದರಲ್ಲಿ ಚೆನ್ನಾಗಿರುವ ಒಂದನ್ನು ಆರಿಸಿ ಕೊಡಬೇಕು.

ಬರೆಯುವ ದಿನ ದಾರಿ ತೋರಿಸಲೆಂದು ಬೋರ್ಡಿನ ಮೇಲೆ ಬೇರೆ ವಿಷಯದ ಒಂದು ಮಾದರಿ ಬರೆದೆ: ‘ನನ್ನ ಅಭಿಪ್ರಾಯದಲ್ಲಿ ನಮ್ಮೂರಿಗೆ ಇನ್ನೊಂದು ಬಸ್ಸು ಬೇಕು. ಏಕೆಂದರೆ ನನಗೆ ಮೊಣಕಾಲು ನೋವು.’ ಬಸ್ಸಿನ ಜಾಗಕ್ಕೆ ಪುಸ್ತಕ ಹಾಕಿಕೊಳ್ಳಿ ಎಂದೆ. ನನ್ನ ಪುಸ್ತಕವನ್ನೇ ಹೊಗಳಿ ಎಂದು ಹೇಳಲಿಲ್ಲ. ಬೆತ್ತವನ್ನು ಅದರ ಮೇಲೆ ಇಟ್ಟಿದ್ದೆ, ಅಷ್ಟೇ.

ಸಮಿತಿಯ ಶಿವಸ್ವಾಮಿ ಬಂದು ಜಗುಲಿಯಲ್ಲಿ ಕುಳಿತರು. ನಾನು ಹಾಳೆಗಳನ್ನು ಒಟ್ಟುಮಾಡಿ ಓದತೊಡಗಿದೆ. ಮೊದಲನೆಯದು ಪ್ರದೀಪನದು: ‘ನನ್ನ ಅಭಿಪ್ರಾಯದಲ್ಲಿ ನಮ್ಮ ಟೀಚರ್ ಪುಸ್ತಕ ಚೆಂದ. ಏಕೆಂದರೆ ನನಗೆ ಮೊಣಕಾಲು ನೋವು.’ ಎರಡನೆಯದೂ ಅದೇ. ಮೂರನೆಯದೂ ಅದೇ. ಇಡೀ ತರಗತಿಗೆ ಮೊಣಕಾಲು ನೋವು.

“ಏನ್ಲಾ ಇದು, ಪ್ರದೀಪ?”

“ನೀವೇ ಬರ್ದಿದ್ರಲ್ಲಾ ಟೀಚರ್. ಬಸ್ಸಿನ್ ಜಾಗಕ್ಕೆ ಪುಸ್ತಕ ಆಕಿ ಅಂದ್ರಿ, ಆಕ್ಬುಟ್ಟೆ.”

ಬೋರ್ಡಿನ ಮೇಲಿದ್ದುದನ್ನು ತಪ್ಪಿಲ್ಲದೆ ಇಳಿಸಬೇಕು ಎಂದು ಕಲಿಸಿದವಳೂ ನಾನೇ. ಬೈಯುವುದಾದರೂ ಯಾರನ್ನು?

ಕೊನೆಯ ಹಾಳೆ ಚಾಮುಂಡಿಯದು. ಅವಳು ಬೋರ್ಡು ನೋಡಿಯೇ ಇರಲಿಲ್ಲ. ‘ಮೀನಾ ಟೀಚರ್ ಪುಸ್ತಕ ನನಗೆ ಇಷ್ಟ. ನಮ್ಮ ಟೀಚರ್ ಆನೆ ಬಗ್ಗೆ ಎಲ್ಲಾ ಬರೆದುಬಿಟ್ಟಿದ್ದಾರೆ. ನಮ್ಮಪ್ಪ ಬಂಡೀಪುರದಲ್ಲಿ ಕಾಡು ಕಾಯುವ ವಾಚರ್. ಅಪ್ಪ ಆನೆ ಲದ್ದಿ ಮುಟ್ಟಿ, ಬಿಸಿ ಇದ್ದರೆ ಆನೆ ಹತ್ತಿರ ಇದೆ ಎಂದು ಮುಂದೆ ಹೋಗುವುದಿಲ್ಲ. ಅದನ್ನು ಬರೆಯಲು ನಮ್ಮ ಟೀಚರ್ ಪುಸ್ತಕದಲ್ಲಿ ಜಾಗ ಇಲ್ಲ.’

ಎರಡು ಸಲ ಓದಿದೆ. ಕೋಪ ಬಂತು. ಜೊತೆಗೆ, ಎಷ್ಟು ಚೆನ್ನಾಗಿ ಬರೆದಿದ್ದಾಳೆ ಎಂದು ಎದೆ ಉಬ್ಬಿತು.

“ಬೇಗ ಕೊಡಿ ಮೇಡಂ, ಮೀನಾ ಮೇಡಂ ಸ್ಕೂಲ್ಗೂ ಓಗ್ಬೇಕು, ಗುಂಡ್ಲುಪೇಟೆ ಬಸ್ಸು ಓಗ್ಬುಡ್ತದೆ,” ಎಂದರು ಶಿವಸ್ವಾಮಿ.

ಪ್ರದೀಪನದನ್ನು ಕೊಟ್ಟರೆ ನನ್ನ ಪುಸ್ತಕದ ಪರ ಒಂದು ಮತ. ಆದರೆ ಅದು ನೇರ ಗುಂಡ್ಲುಪೇಟೆಗೆ ಹೋಗುತ್ತದೆ, ಮೀನಾ ಓದುತ್ತಾಳೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಚಾಮುಂಡಿಯದನ್ನು ಕೊಟ್ಟರೆ ಅಚ್ಚಾಗುವ ಪುಸ್ತಕ ಮೀನಾಳದು, ಹೆಸರು ಮೀನಾಳದು. ಆದರೆ ಇಂಥ ಹುಡುಗಿ ನನ್ನ ತರಗತಿಯಲ್ಲಿದ್ದಾಳೆ, ಅವಳ ತರಗತಿಯಲ್ಲಲ್ಲ. ಅದನ್ನು ಅವಳು ಓದಿ ಹೊಟ್ಟೆ ಉರಿದುಕೊಳ್ಳಲಿ. ಚಾಮುಂಡಿಯ ಹಾಳೆಯನ್ನು ಕೊಟ್ಟೆ.

ಶಿವಸ್ವಾಮಿ ನಿಂತಲ್ಲೇ ಓದಿದರು. “ಇನ್ನೇನು ಬೇಕು ಬುಡಿ, ಮೀನಾ ಮೇಡಂದೇ ಅಚ್ಚಾಕ್ಸನ. ಈ ಮಗೀಗೆ ಇಂಗೆ ಬರಿಯೋದ ಕಲ್ಸ್ದೋರು ಯಾರು?”

“ನಾನೇ,” ಎಂದೆ. ನನ್ನ ದನಿ ಗಟ್ಟಿಯಾಗಿಯೇ ಇತ್ತು.

ಅವರು ಹೋದ ಮೇಲೆ ಚಾಮುಂಡಿ ಮೇಜಿನ ಹತ್ತಿರ ಬಂದಳು. “ಟೀಚರ್, ಮೀನಾ ಟೀಚರು ನಮ್ಮ ಸ್ಕೂಲಿಗೆ ಬತ್ತಾರಾ?”

“ಬರಲ್ಲ ಕಣಮ್ಮಿ. ನಿಂಗೆ ನಾನೇ ಗತಿ.”

“ಊಂ,” ಎಂದಳು. “ಲದ್ದಿದು ಇನ್ನೂ ಐತೆ ಟೀಚರ್. ಆಳೆ ಮುಗ್ದೋಯ್ತು.”

ಮೇಜಿನ ಮೇಲೆ ಇದ್ದದ್ದು ನನ್ನ ಪುಸ್ತಕವೊಂದೇ. ಬೆತ್ತ ತೆಗೆದು, ಆನೆಯ ಪುಟವನ್ನು ಹರಿದು, ಮಗುಚಿ ಅವಳ ಮುಂದಿಟ್ಟೆ. ಸೈಕ್ಲೋಸ್ಟೈಲ್ ಹಾಳೆಯ ಹಿಂಬದಿ ಪೂರ್ತಿ ಖಾಲಿ. ಅವಳು ನೆಲದ ಮೇಲೆ ಕುಳಿತು ಬರೆಯತೊಡಗಿದಳು.

ಜಾಗ ನನ್ನ ಪುಸ್ತಕದಲ್ಲೂ ಇತ್ತು. ಇದನ್ನು ಯಾರೂ ಹೋಗಿ ಮೀನಾಗೆ ಹೇಳಬೇಡಿ.