ಹಿಂದಿರುಗಿಸಬೇಕಾದ ಚೆಂಡು

1

ಗೆಲುವಿನಿಂದ ಶುರುಮಾಡಲೋ ಸೋಲಿನಿಂದಲೋ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೇನೆ. ಗೆಲುವಿನಿಂದ ಶುರುಮಾಡಿದರೆ ಕಾಲ್ಡರ್ ಫಾಲ್ಸ್ ಊರಿನ ಹೆರನ್ಸ್ ತಂಡದವರು ನನ್ನನ್ನು ಮೈದಾನದ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಗೆಲ್ಲುತ್ತಿರುವಾಗ ಗೆಲ್ಲುತ್ತಿದ್ದೇವೆ ಎಂದು ಬಾಯಿಬಿಡುವುದು ಅವರಲ್ಲಿ ಮಹಾಪರಾಧ. ಸೋಲಿನಿಂದ ಶುರುಮಾಡಿದರೆ ನೀವು ಪುಟ ತಿರುಗಿಸಿಬಿಡುತ್ತೀರಿ.

ಮೊದಲ ಪ್ರಯತ್ನ: ‘ಮೇ ತಿಂಗಳಲ್ಲಿ ಹೆರನ್ಸ್ ಬೇಸ್‌ಬಾಲ್ ತಂಡ ಎದುರಿಗೆ ಬಂದವರನ್ನೆಲ್ಲ ಚಿಂದಿ ಮಾಡಿತು. ಜೂನ್‌ನಲ್ಲಿ ಶಾಲಾಮಕ್ಕಳೂ ಸೋಲಿಸಬಹುದು ಎನ್ನುವಷ್ಟು ಕುಸಿಯಿತು. ಜುಲೈನಲ್ಲಿ ಮತ್ತೆ ಎದ್ದಿತು. ಯಾಕೆ?’

(ಹೊಡೆದುಹಾಕಿದ್ದೇನೆ. ಪೇಪರಿನವರು ಬರೆಯುವ ಸಾಲು ಅದು. ಆದರೆ ಆ ‘ಯಾಕೆ’ ಮಾತ್ರ ಅಳಿಸಿದಷ್ಟೂ ಅಲ್ಲೇ ಕೂತಿರುತ್ತದೆ.)

1, ಮತ್ತೊಮ್ಮೆ

ರೂಡಿ ಪಲಾಸ್ಕಿಗೆ ಉತ್ತರ ಗೊತ್ತು. ಅಥವಾ, ಗೊತ್ತಿದೆಯೇನೋ ಎಂಬ ಭಯ. ಅವನು ತಂಡದ ಕ್ಯಾಚರ್, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ. ಪಿಚರ್ ಎಸೆದ ಚೆಂಡನ್ನು ಕುಕ್ಕರಗಾಲಿನಲ್ಲಿ ಕೂತು ಹಿಡಿಯುವುದು, ಮತ್ತೆ ಅವನಿಗೇ ವಾಪಸ್ ಎಸೆಯುವುದು ಅವನ ಕೆಲಸ. (ಪಿಚರ್ ಅಂದರೆ ಬೌಲರ್, ಇವನು ವಿಕೆಟ್ ಕೀಪರ್ ಎಂದುಕೊಳ್ಳಿ. ಪಂಡಿತರು ನನ್ನನ್ನು ಆಮೇಲೆ ಬೈದುಕೊಳ್ಳಲಿ.) ಹಿಡಿಯುವುದರಲ್ಲಿ ಅವನಿಗೆ ತೊಂದರೆಯಿಲ್ಲ. ಒಂದು ಬೇಸಿನಿಂದ ಇನ್ನೊಂದಕ್ಕೆ ಕದ್ದು ಓಡುವವನನ್ನು ಔಟ್ ಮಾಡಲು ದೂರಕ್ಕೆ ಬೀಸಿ ಎಸೆಯುವುದರಲ್ಲೂ ಇಲ್ಲ, ಅಲ್ಲಿ ಯೋಚಿಸಲು ಹೊತ್ತೇ ಇರುವುದಿಲ್ಲ. ತೊಂದರೆ ಇರುವುದೆಲ್ಲ ಅಜ್ಜಿ ಕೂಡ ಮೊಮ್ಮಗನಿಗೆ ಎಸೆಯಬಹುದಾದ ಆ ವಾಪಸ್ ಎಸೆತದಲ್ಲಿ.

ಜೂನ್‌ನಲ್ಲಿ ಒಂದು ಸಂಜೆ ಅದು ಪಿಚರ್‌ನ ತಲೆಯ ಮೇಲಿಂದ ಹಾರಿಹೋಯಿತು. ಎಲ್ಲರೂ ನಕ್ಕರು, ರೂಡಿಯೂ ನಕ್ಕ. ಮರುದಿನ ಚೆಂಡು ಕೈಗೆ ಬಂದಾಗ ಬೆರಳುಗಳು ಅದನ್ನು ಬಿಡಲೊಪ್ಪಲಿಲ್ಲ. ತಂಡ ಅವತ್ತು ಸೋತಿತು, ಅದರ ಮರುದಿನವೂ ಸೋತಿತು.

2

ಗೆದ್ದಾಗ ಇವರು ಸುಖವಾಗಿರುತ್ತಾರೆ ಎಂದು ನೀವು ತಿಳಿದಿದ್ದರೆ, ಪಾಪ. ಮೇ ತಿಂಗಳಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಹೋಗುವ ದಾರಿಯ ಬಲ್ಬು ಸುಟ್ಟುಹೋಗಿತ್ತು. ಹೊಸದು ಹಾಕಲು ಬಂದವನನ್ನು ಮ್ಯಾನೇಜರ್ ಹಾಸ್ಕಿನ್ಸ್ ಬೈದು ಓಡಿಸಿದ. ಗೆಲ್ಲುತ್ತಿರುವ ತಂಡದಲ್ಲಿ ಏನನ್ನೂ ಮುಟ್ಟಬಾರದು. ತಿಂಗಳಿಡೀ ದೊಡ್ಡ ದೊಡ್ಡ ಗಂಡಸರು ಗೋಡೆ ತಡವಿಕೊಂಡು ಓಡಾಡಿದರು. ಟೋಪಿ ಒಗೆಯಲಿಲ್ಲ, ಗಡ್ಡ ತೆಗೆಯಲಿಲ್ಲ. ಯಾವುದರಿಂದ ಗೆಲ್ಲುತ್ತಿದ್ದೇವೆಂದು ತಿಳಿಯದವರು ಪ್ರತಿಯೊಂದಕ್ಕೂ ಹೆದರಬೇಕಾಗುತ್ತದೆ.

ಪಿಚರ್‌ ಒಬ್ಬ ಎದುರಾಳಿಗಳಿಗೆ ಒಂದೇ ಒಂದು ಹೊಡೆತವನ್ನೂ ಬಿಟ್ಟುಕೊಡದೆ ಎಸೆಯುತ್ತಾ ಹೋದನೆನ್ನಿ, ಬೆಂಚಿನಲ್ಲಿ ಅವನ ಎರಡೂ ಪಕ್ಕ ಖಾಲಿಯಾಗುತ್ತದೆ. ಅವನನ್ನು ಯಾರೂ ಮಾತಾಡಿಸುವುದಿಲ್ಲ, ನಡೆಯುತ್ತಿರುವುದರ ಹೆಸರೆತ್ತುವುದಿಲ್ಲ. ಅವರ ಪ್ರಕಾರ ಹೆಸರೆತ್ತಿದರೆ ಮುಗಿಯಿತು.

(ಹೆಸರಿಟ್ಟು ಬರೆಯುವುದೇ ಕಸುಬಾದ ನಾನು ಇಂಥವರ ನಡುವೆ ಇಷ್ಟು ವರ್ಷ ಬದುಕಿದ್ದೇನೆ. ಅವರ ತಾಳ್ಮೆ ದೊಡ್ಡದು.)

3

ಜುಲೈನಲ್ಲಿ ತಂಡ ಮತ್ತೆ ಗೆಲ್ಲತೊಡಗಿದಾಗ ರೂಡಿಯ ಪಕ್ಕದ ಜಾಗಗಳು ಖಾಲಿಯಾದವು.

ಈ ಸಾಲು ಬರೆದು ನಾನೇ ಬೆಚ್ಚಿದೆ. ಅವನ ಕೈ ನೆಟ್ಟಗಾಗಿರಲಿಲ್ಲ. ಚೆಂಡು ಹಿಡಿದು ಎದ್ದು, ನಾಲ್ಕು ಹೆಜ್ಜೆ ಮುಂದೆ ನಡೆದು, ಕೈಗೆ ಕೊಟ್ಟಂತೆ ಎಸೆಯುತ್ತಿದ್ದ. ಅದನ್ನು ನೋಡಿಯೂ ಯಾರೂ ತುಟಿಬಿಚ್ಚಲಿಲ್ಲ. ತನ್ನನ್ನು ಮುಟ್ಟಿದರೆ ಅದೃಷ್ಟ ಕೆಡುತ್ತದೆ ಎಂದು ದೂರ ಕೂತಿದ್ದಾರೋ, ತನ್ನ ರೋಗ ತಮಗೂ ಅಂಟೀತೆಂದು ದೂರ ಕೂತಿದ್ದಾರೋ ರೂಡಿಗೆ ತಿಳಿಯಲಿಲ್ಲ. ಎರಡಕ್ಕೂ ಬೆಂಚು ಒಂದೇ ಥರ ಕಾಣುತ್ತಿತ್ತು. ಹಾಸ್ಕಿನ್ಸ್ ಮಾತ್ರ ಒಮ್ಮೆ ಅವನನ್ನು ಪಕ್ಕಕ್ಕೆ ಕರೆದು, ತಂಡ ಇನ್ನೊಮ್ಮೆ ಜಾರಿದರೆ ಕೆಳಗಿನ ದರ್ಜೆಯ ತಂಡದಿಂದ ಹೊಸ ಕ್ಯಾಚರ್‌ನನ್ನು ತರಿಸುತ್ತೇನೆ ಎಂದಿದ್ದ. ಹದಿನೆಂಟನೆಯ ವಯಸ್ಸಿನಿಂದ ಇದೊಂದನ್ನೇ ಮಾಡಿದವನಿಗೆ ಆ ಬಾಗಿಲು ಮುಚ್ಚಿದರೆ ಇನ್ನೊಂದಿಲ್ಲ.

4

ಇಲ್ಲಿ ರೂಡಿಯ ಮನೆ, ಹೆಂಡತಿ ಲೋರ್ನಾ, ಅವಳೆದುರು ಅವನು ಅತ್ತಿದ್ದು ಎಲ್ಲ ಇತ್ತು. ರೂಡಿ ತೆಗೆಸಿದ. ಅಳಲಿಲ್ಲವಂತೆ. ಅಡುಗೆಮನೆಯಲ್ಲಿ ಅವಳಿಗೆ ಕಿತ್ತಳೆಹಣ್ಣು ಎಸೆದು ಅಭ್ಯಾಸ ಮಾಡಿದನಂತೆ, ಒಂದೂ ಗುರಿ ತಪ್ಪಲಿಲ್ಲವಂತೆ.

“ಅದಕ್ಕೇ ಇನ್ನೂ ಹೆದರಿಕೆ ಆಗಿದ್ದು ಕಣ್ರೀ,” ಎಂದ. “ಕೈ ಚೆನ್ನಾಗೇ ಇದೆ. ಕೆಟ್ಟಿರೋದು ನಾನು.”

6

(ಐದರಲ್ಲಿ ಕಾರಣಗಳನ್ನು ವಿವರಿಸಿದ್ದೆ. ಓದಿದರೆ ನನಗೇ ಆಕಳಿಕೆ ಬಂತು.)

ಜುಲೈ ಮುಗಿಯುವ ಹೊತ್ತಿನ ಒಂದು ಆಟ, ಕೊನೆಯ ಇನ್ನಿಂಗ್ಸ್. ಹೆರನ್ಸ್‌ಗೆ ಒಂದೇ ರನ್ನಿನ ಮುನ್ನಡೆ. ಪಿಚರ್ ಯೊರ್ಡಾನಿ, ಸಾಂಟಿಯಾಗೊ ಕಡೆಯ ಹುಡುಗ, ಇಲ್ಲಿಯವರೆಗೆ ಎದುರಾಳಿಗೆ ಒಂದು ಹೊಡೆತವನ್ನೂ ಕೊಟ್ಟಿಲ್ಲ. ಆದರೆ ಗುರಿತಪ್ಪಿದ ಎಸೆತಗಳಿಂದಾಗಿ ಮೊದಲ ಬೇಸಿಗೆ ಪುಕ್ಕಟೆ ನಡಿಗೆ ಸಿಕ್ಕ ಒಬ್ಬ ಹೇಗೋ ತೆವಳಿಕೊಂಡು ಮೂರನೆಯ ಬೇಸಿಗೆ ಬಂದು ನಿಂತಿದ್ದಾನೆ. ಇನ್ನೊಬ್ಬ ಔಟಾದರೆ ಆಟ ಮುಗಿಯುತ್ತದೆ. ರೂಡಿಯ ವಾಪಸ್ ಎಸೆತ ತಪ್ಪಿದರೆ ಮೂರನೆಯ ಬೇಸಿನವನು ಓಡಿಬಂದು ರನ್ ಗಳಿಸುತ್ತಾನೆ, ಆಟ ಸಮವಾಗುತ್ತದೆ.

ರೂಡಿ ಚೆಂಡು ಹಿಡಿದು ಎದ್ದು ಮುಂದೆ ನಡೆದ. ಹಿಂದಿನಿಂದ ಅಂಪೈರ್ ತಣ್ಣಗೆ ಹೇಳಿದ, “ಸಾಕು ಮಾರಾಯ ವಾಕಿಂಗು. ಕೂತಲ್ಲಿಂದಲೇ ಎಸಿ.”

ಎದುರಾಳಿಗಳ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವರಿಗೂ ಗೊತ್ತಾಗಿತ್ತು. ರೂಡಿ ಆಟ ಒಂದು ನಿಮಿಷ ನಿಲ್ಲಿಸುವಂತೆ ಅಂಪೈರ್‌ನನ್ನು ಕೇಳಿ ಯೊರ್ಡಾನಿಯ ಹತ್ತಿರ ಹೋದ, ಚೆಂಡನ್ನು ಕೈಗೇ ಕೊಟ್ಟು, ಗ್ಲವ್ ಬಾಯಿಗೆ ಅಡ್ಡ ಹಿಡಿದು, ಆ ಹೊತ್ತಿನಲ್ಲಿ ಯಾರೂ ಆಡಬಾರದ್ದನ್ನು ಆಡಿದ.

“ನಂಗೆ ಭಯ ಆಗ್ತಿದೆ ಕಣೋ. ಚೆಂಡು ವಾಪಸ್ ಎಸೆಯೋಕೆ ಭಯ.”

ಯೊರ್ಡಾನಿ ಅವನ ಮುಖ ನೋಡಲಿಲ್ಲ. “ಗೊತ್ತು. ಎಲ್ರಿಗೂ ಗೊತ್ತು. ಹೇಳಿದ್ರೆ ಜಾಸ್ತಿ ಆಗುತ್ತೇನೋ ಅಂತ ಸುಮ್ನಿದ್ವಿ.” ಆಮೇಲೆ ಮೆಲ್ಲಗೆ, “ನಂಗೂ ಅಷ್ಟೇ ಭಯ.”

ರೂಡಿ ತನ್ನ ಜಾಗಕ್ಕೆ ಮರಳಿ ಕೂತ. ಮುಂದಿನ ಚೆಂಡು ಬಂತು. ಹೊಡೆಯುವವನು ಬ್ಯಾಟ್ ಬೀಸಲಿಲ್ಲ. ಚೆಂಡು ರೂಡಿಯ ಕೈಯಲ್ಲಿ ಉಳಿಯಿತು.

ಅಂತ್ಯ ಅ: ಎಸೆತ ನೆಟ್ಟಗೆ ಹೋಗುತ್ತದೆ, ಊರು ಕುಣಿಯುತ್ತದೆ. (ಇದನ್ನು ಬರೆಯುವಾಗ ನನಗೇ ನಂಬಿಕೆ ಬರಲಿಲ್ಲ.)

ಅಂತ್ಯ ಆ: ಎಸೆತ ಮೈದಾನದ ನಡುವಿನ ಹುಲ್ಲಿಗೆ ಬೀಳುತ್ತದೆ. ಆಗಸ್ಟ್ ಇಡೀ ತಂಡ ಸೋಲುತ್ತದೆ. ಲೋರ್ನಾ ಪೆಟ್ಟಿಗೆ ಕಟ್ಟುತ್ತಾಳೆ.

ಅಂತ್ಯ ಇ: ಬರೆಯುವುದಿಲ್ಲ. ಚೆಂಡು ಅವನ ಕೈಯಲ್ಲೇ ಇರಲಿ, ಓದುಗರು ಊಹಿಸಿಕೊಳ್ಳಲಿ. ನಮ್ಮ ಕಥೆಗಾರರ ಕಡೆ ಇದಕ್ಕೆ ಬಹಳ ಮರ್ಯಾದೆಯಿದೆ.

ರೂಡಿ ಮುಖಕವಚದೊಳಗಿನಿಂದ ನನ್ನನ್ನು ನೋಡಿದ.

“ಊಹಿಸ್ಕೊಂಡು ಅವ್ರು ಕಾಫಿ ಕುಡಿಯೋಕೆ ಹೋಗ್ತಾರೆ. ನಾನು ಇಲ್ಲೇ ಹೀಗೇ ಕೂತಿರ್ಬೇಕಲ್ಲ? ತಪ್ಪೋದಕ್ಕಿಂತ ಇದು ಕೆಟ್ಟದ್ದು, ನಿಮಗೆ ಗೊತ್ತಾ?”

ಗೊತ್ತಿರಲಿಲ್ಲ. ಸ್ವಲ್ಪ ತಾಳು, ಇನ್ನೊಂದು ಅಂತ್ಯ ಹುಡುಕುತ್ತೇನೆ, ಎಂದೆ. ನಿಜ ಹೇಳಬೇಕೆಂದರೆ ನನ್ನ ಬೆರಳುಗಳೂ ಮುಂದಕ್ಕೆ ಹೋಗುತ್ತಿರಲಿಲ್ಲ. ಬರೆದದ್ದು ತಪ್ಪಾದರೆ ಅವನ ಬದುಕು ಹೋಗುತ್ತದೆ, ನನ್ನದಲ್ಲ.

ಅವನು ತಾಳಲಿಲ್ಲ. ನಾನು ಏನನ್ನೂ ಬರೆಯುವ ಮೊದಲೇ ತೋಳನ್ನು ಹಿಂದಕ್ಕೆಳೆದು ಎಸೆದುಬಿಟ್ಟ. ಚೆಂಡೀಗ ಗಾಳಿಯಲ್ಲಿದೆ. ಅದು ಎಲ್ಲಿಗೆ ಹೋಗುತ್ತಿದೆಯೆಂದು ರೂಡಿ ಕಣ್ಣು ಬಿಟ್ಟುಕೊಂಡೇ ನೋಡುತ್ತಿದ್ದಾನೆ. ಕಣ್ಣು ಮುಚ್ಚಿಕೊಂಡಿರುವುದು ನಾನು.