ಜಯಪ್ರಕಾಶ ಹೊಡೆದ ಸಿಕ್ಸರ್

"ಒನ್ ಮಿನಿಟ್," ಎಂದು ಬಸವಲಿಂಗಪ್ಪನವರು ಶವಪೆಟ್ಟಿಗೆಗೆ ಕೈ ಹಾಕಿದ್ದ ಕೀತ್‌ನನ್ನು ತಡೆದರು. ಆಮೇಲೆ ವಿಜಯಾಳತ್ತ ತಿರುಗಿದರು. "ಹೆಗಲು ಕೊಡೋದು ನಮ್ಮೋರು ಕೊಡ್ಬೇಕಮ್ಮ. ಕ್ರಿಕೆಟ್ ಕ್ಲಬ್ಬಿನವರಲ್ಲ."

ಕನ್ನಡ ಸಂಘದ ಹಿರಿಯರ ಮಾತು. ಕೀತ್ ಸೇರಿ ಕ್ಲಬ್ಬಿನ ಐವರು ಬ್ಲೇಜರ್ ತೊಟ್ಟು ಕ್ರಿಮೆಟೋರಿಯಂ ಬಾಗಿಲಲ್ಲಿ ನಿಂತಿದ್ದರು. ಗಂಡ ಜಯಪ್ರಕಾಶ ಆಫೀಸಿನಲ್ಲೇ ಎದೆ ಹಿಡಿದು ಕುಸಿದ ದಿನದಿಂದ ವಿಜಯಾಳಿಗೆ ಅಳುವೂ ಬಂದಿರಲಿಲ್ಲ. ಇಷ್ಟು ವರ್ಷದ ಶನಿವಾರಗಳನ್ನೆಲ್ಲ ಕಸಿದುಕೊಂಡವರು ಇವರೇ ಅಲ್ಲವೆ?

*

ಇಂಗ್ಲಿಷರ ಊರಾದ ಈ ಬರ್ಚ್‌ವುಡ್‌ಗೆ ಎಂಜಿನಿಯರಾಗಿ ಬಂದಾಗ ಜಯಪ್ರಕಾಶನಿಗೆ ನಲವತ್ತು ದಾಟಿತ್ತು. ಮೈಸೂರಿನ ಕಾಲೇಜು ತಂಡದಲ್ಲಿದ್ದಾಗ ಅವನ ಹೊಡೆತಕ್ಕೆ ಹಾಸ್ಟೆಲ್ಲಿನ ಹೆಂಚು ಒಡೆಯುತ್ತಿದ್ದವಂತೆ. ಆಮೇಲೆ ನೌಕರಿ, ಮದುವೆ, ಮಗಳು ಎಂದು ಬ್ಯಾಟು ಅಟ್ಟ ಸೇರಿತ್ತು. ಇಲ್ಲಿನ ಕ್ಲಬ್ಬು ಅವನನ್ನು 'ಜೇ' ಎಂದು ಕರೆದು ನಾಲ್ಕನೇ ತಂಡಕ್ಕೆ ಹಾಕಿತು. ಅಲ್ಲಿದ್ದವರು ಸ್ಕೂಲ್ ಹುಡುಗರು, ಮಂಡಿನೋವಿನ ಮುದುಕರು. ಎರಡು ಬೇಸಿಗೆ ಬಡಿದು ಬಡಿದು ಮೂರನೇ ತಂಡಕ್ಕೇರಿದ, ಆಮೇಲೆ ಎರಡನೆಯದಕ್ಕೆ. 2004ರಲ್ಲಿ ಮೊದಲ ತಂಡದವನೊಬ್ಬ ಬೆರಳು ಮುರಿದುಕೊಂಡಾಗ ಕ್ಯಾಪ್ಟನ್ ಕೀತ್ ಫೋನ್ ಮಾಡಿದ.

"ವಿಜಿ, ಈ ಸಲ ನೀನೂ ಬಾ," ಎಂದು ಜಯಪ್ರಕಾಶ ಹೆಂಡತಿಯನ್ನು ಕರೆದ.

ಹೋದಳು. ಜುಲೈ ಆದರೂ ಚಳಿಗಾಳಿ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ ಸುತ್ತ ಚಪ್ಪಾಳೆ ಎದ್ದಿತು. ತಲೆ ಎತ್ತುವಷ್ಟರಲ್ಲಿ ಚೆಂಡು ಮರಗಳಾಚೆ ಹೋಗಿಯಾಗಿತ್ತು. ಮುಂದಿನ ಚೆಂಡಿಗೆ ಔಟಾದವನು ಪೆವಿಲಿಯನ್ನಿಗೆ ಹೋಗದೆ ನೇರ ಅವಳ ಹತ್ತಿರ ಬಂದ.

"ಸಿಕ್ಸರ್ ನೋಡಿದ್ಯಾ?"

"ನೋಡ್ದೆ ರೀ."

ಅವನಿಗೆ ಮೊದಲ ತಂಡದಿಂದ ಮತ್ತೆ ಕರೆ ಬರಲಿಲ್ಲ. ಆ ಸುಳ್ಳು ಮಾತ್ರ ಅವಳೊಳಗೆ ಚುಚ್ಚುತ್ತಲೇ ಇತ್ತು.

*

ಕೀತ್ ಟೋಪಿ ತೆಗೆದು ಹತ್ತಿರ ಬಂದ. ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: "ಜೇ ಆ ಸಿಕ್ಸರ್ ಕತೆ ಎಷ್ಟು ಸಲ ಹೇಳಿದಾನೋ. 'ನನ್ನ ಹೆಂಡತಿ ಕಾಫಿ ಬಗ್ಗಿಸ್ತಿದ್ಲು, ನೋಡ್ಲೇ ಇಲ್ಲ. ಆದ್ರೂ ನೋಡ್ದೆ ಅಂದ್ಲು. ಸಿಕ್ಸರ್‌ಗಿಂತ ಅದೇ ಖುಷಿ ಆಯ್ತು' ಅಂತಿದ್ದ."

ವಿಜಯಾಳಿಗೆ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. ಮಗಳು ಅನ್ವಿತಾ "ಅಮ್ಮಾ, ಆರ್ ಯು ಓಕೆ?" ಎಂದು ತೋಳು ಹಿಡಿದಳು. ವಿಜಯಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವರೂ ಹೊರಲಿ," ಅಂದಳು ಬಸವಲಿಂಗಪ್ಪನವರಿಗೆ. "ನೀವೂ ಬನ್ನಿ."

ಅವರು ಬೂಟು ಬಿಚ್ಚಿಟ್ಟು, ಮುಂದಿನ ಬಲಗಡೆಗೆ ಹೆಗಲು ಕೊಟ್ಟರು. ಎಡಗಡೆ ನಿಂತ ಕೀತ್‌ನ ಭುಜ ಅವರ ಕಿವಿಯ ಮಟ್ಟಕ್ಕಿತ್ತು. ಪೆಟ್ಟಿಗೆ ವಾಲಿತು. ಕೀತ್ ಮಂಡಿ ಮಡಚಿ ತಗ್ಗಿದ. ಅವನನ್ನು ನೋಡಿ ಹಿಂದಿನ ನಾಲ್ವರೂ ತಗ್ಗಿದರು. ಹಾಗೆಯೇ ಅರ್ಧ ಕೂತಂತೆ, ಕಾಲು ನಡುಗುತ್ತಿದ್ದರೂ, ಬ್ಲೇಜರಿನ ಐವರೂ ಒಳಗಿನವರೆಗೆ ನಡೆದರು. ಪೆಟ್ಟಿಗೆ ಮಟ್ಟಸವಾಗಿತ್ತು.