ಉಳಿದೆರಡು ಮರಿ

“ಹಗ್ಗಾ ಒಂದ ಹಾಕಬ್ಯಾಡವಾ ಅವಂಗ,” ಎಂದು ಭೀಮಾಬಾಯಿ ಕೇಳಿದ್ದು ಹನ್ನೊಂದು ವರ್ಷದ ಹಿಂದೆ, ಇದೇ ಪಡಸಾಲೆಯಲ್ಲಿ, ಇದೇ ಕಂಬದ ಬುಡದಲ್ಲಿ ಮಲಗಿಕೊಂಡು. ಸೊಸೆ ಅಕ್ಕುತಾಯಿ ಅಂಗೈಯಲ್ಲಿ ಭಂಡಾರ, ದೇವರ ಅರಿಸಿನ, ಹಿಡಿದು ಆಣೆ ಮಾಡಿ, “ಹಾಕಂಗಿಲ್ರಿ ಅತ್ತಿ,” ಎಂದಿದ್ದಳು. ಆ ಭಂಡಾರವನ್ನು ತನ್ನ ಕಿರಿಮಗ ಬೀರದೇವನ ಹಣೆಗೆ ಹಚ್ಚಿಸಿ, ಕಣ್ತುಂಬ ನೋಡಿ, ಮೂರನೆಯ ದಿನಕ್ಕೆ ಮುದುಕಿ ತೀರಿಕೊಂಡಳು.

ಮುದುಕಿಗೆ ಆ ಹಗ್ಗ ಕೊನೆಗಾಲದವರೆಗೂ ಕಾಡಿತ್ತು. ಗಂಡ ಹೋದ ಮೇಲೆ ಕಬ್ಬಿನ ಕಳೆ ತೆಗೆಯಲು ಹೋಗುವಾಗ, ಬುದ್ಧಿ ಬಲಿಯದ ಮಗನನ್ನು ನೋಡಿಕೊಳ್ಳುವವರಿಲ್ಲದೆ, ಕುರಿತುಪ್ಪಟದ ಹಗ್ಗದಿಂದ ಅವನ ಎಡಗಾಲನ್ನು ಕಂಬಕ್ಕೆ ಬಿಗಿದು ಹೋಗುತ್ತಿದ್ದಳು. ಈಗ ಬಂದೆ ಎಂದು ಹೇಳಿ ಹೊತ್ತು ಮುಳುಗಿದ ಮೇಲೆ ಬರುತ್ತಿದ್ದಳು. ಹುಡುಗ ಅಳುತ್ತಿರಲಿಲ್ಲ. “ಲಗೂ ಬಾ” ಎಂದಷ್ಟೇ ಅನ್ನುತ್ತಿದ್ದ. ಅವನ ಎಡಗಾಲಿನ ಗಿಣ್ಣಿನ ಮೇಲೆ ಬಳೆಯಂತೆ ಸುತ್ತಿಕೊಂಡ ಕರಿ ಕಲೆ ಇಂದಿಗೂ ಮಾಸಿಲ್ಲ.

ಬೀರದೇವನಿಗೀಗ ಮೂವತ್ತನಾಲ್ಕು. ಹೋರಿಯಂಥ ಮೈಕಟ್ಟು, ಐದು ವರ್ಷದ ಕೂಸಿನ ತಿಳಿವಳಿಕೆ. ಹತ್ತಿಪ್ಪತ್ತು ಮಾತು ಬಿಟ್ಟರೆ ಹೆಚ್ಚು ಆಡಲಾರ. ಆದರೆ ಕುರಿಯ ಕೆಲಸದಲ್ಲಿ ಅವನನ್ನು ಮೀರಿಸುವವರು ಉಗಾರ ಬುದ್ರುಕದಲ್ಲಿ ಇರಲಿಲ್ಲ. ಔಷಧ ಕುಡಿಸುವುದನ್ನು ಅವನಿಗೆ ಕಲಿಸಿದವಳೇ ಅಕ್ಕುತಾಯಿ. ಮರಿಯನ್ನು ಎರಡು ಮೊಣಕಾಲ ನಡುವೆ ಹಿಡಿಯಬೇಕು, ಗದ್ದ ಮೇಲೆತ್ತಬೇಕು, ಬಾಯಿಯ ಮೂಲೆಗೆ ಹೆಬ್ಬೆರಳು ಕೊಟ್ಟು ಬಿದಿರಿನ ಗೊಟ್ಟವನ್ನು ಒಳಗಿಟ್ಟು ಔಷಧ ಹೊಯ್ಯಬೇಕು, ನುಂಗುವ ತನಕ ಬಿಡಬಾರದು. ಒಂದು ವರ್ಷ ಹಿಡಿಯಿತು. ಕಲಿತ ಮೇಲೆ ಒಂದು ಹನಿಯೂ ಹೊರಗೆ ಚೆಲ್ಲುತ್ತಿರಲಿಲ್ಲ. ಆದರೂ ಅವಳ ಗಂಡ, ಬೀರದೇವನ ಅಣ್ಣ ಜಕ್ಕಪ್ಪ ಒಂದು ಕಟ್ಟಳೆ ಮಾಡಿದ್ದ: “ಹೊಯ್ಯೂದು ಅವನ ಕೈ, ಅಳತಿ ನಿನ್ನ ಕೈ. ಬಾಟ್ಲಿ ಅವನ ಕೈಯಾಗ ಕೊಡಬ್ಯಾಡ.” ಬಾಟಲಿ ಟ್ರಂಕಿನಲ್ಲಿರುತ್ತಿತ್ತು, ಕೀಲಿ ಅವಳ ಸೊಂಟದಲ್ಲಿ.

ಆ ಸೋಮವಾರ ಏಳು ಮರಿ ಕೆಮ್ಮುತ್ತಿದ್ದವು. ಜಕ್ಕಪ್ಪ ಹಿಂಡು ಹೊಡೆದುಕೊಂಡು, ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ತರುಬಲು, ಮುಗಳಖೋಡದ ಕಡೆ ಹೋಗಿ ಇಪ್ಪತ್ತು ದಿನವಾಗಿತ್ತು. ಮಗಳು ಕೋಮಲ ಶಾಲೆಗೆ ಹೋಗಿದ್ದಳು. ಐದು ಮರಿಗೆ ಕುಡಿಸಿ ಮುಗಿಯುವ ಹೊತ್ತಿಗೆ ಓಣಿಯಲ್ಲಿ ನೀರು ಬಂತೆಂಬ ಕೂಗು ಎದ್ದಿತು. ನಳದ ನೀರು ನಾಲ್ಕು ದಿನಕ್ಕೊಮ್ಮೆ, ಅದೂ ಅರ್ಧ ತಾಸು. ಅಕ್ಕುತಾಯಿ ಕೊಡ ಎತ್ತಿಕೊಂಡಳು. ಬಾಟಲಿಯನ್ನು ಟ್ರಂಕಿನಲ್ಲಿಟ್ಟು ಬರಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷದಲ್ಲಿ ಪಾಳಿಯಲ್ಲಿ ಹತ್ತು ಕೊಡ ಮುಂದೆ ಬಂದಿರುತ್ತವೆ ಎಂದು ಅವಳಿಗನ್ನಿಸಿತು.

“ಉಳಿದ ಎರಡಕ್ಕ ನೀನ ಹಾಕಪಾ,” ಎಂದಳು. “ಒಂದಕ್ಕ ಒಂದ ಗೊಟ್ಟ. ಆತಂದ್ರ ಬಾಟ್ಲಿ ಕಟ್ಟಿ ಮ್ಯಾಲ ಇಡು.”

ಬೀರದೇವ ಎರಡೂ ಕೈಯಿಂದ ಬಾಟಲಿ ಇಸಿದುಕೊಂಡ. ಇಷ್ಟು ವರ್ಷದಲ್ಲಿ ಮೊದಲ ಸಲ. ಅವನ ಮುಖ ಅರಳಿದ್ದನ್ನು ನೋಡಿಯೇ ಅವಳು ಹೊರಬಿದ್ದಳು.

ಕೊಡ ತುಂಬಿಕೊಂಡು ಬಂದಾಗ ಎದುರು ಮನೆಯ ಬಾಬಾಸಾಹೇಬರ ಮೊಮ್ಮಗ ರೋಹನ, ನಾಲ್ಕು ವರ್ಷದ ಕೂಸು, ಬೀರದೇವನ ಮೊಣಕಾಲುಗಳ ನಡುವೆ ಇದ್ದ. ದಿನಾ ಮರಿ ನೋಡಲು ಬರುತ್ತಿದ್ದ ಹುಡುಗ. ವಾರದಿಂದ ನೆಗಡಿ, ಕೆಮ್ಮು. ಗದ್ದ ಮೇಲೆತ್ತಿತ್ತು, ಬಾಯಿಯ ಮೂಲೆಯಲ್ಲಿ ಹೆಬ್ಬೆರಳಿತ್ತು, ಗೊಟ್ಟ ಒಳಗಿತ್ತು. ಅವಳು ಕಲಿಸಿದ ಹಾಗೆಯೇ, ಅಂಗಿಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

“ವೈನಿ,” ಎಂದ ಬೀರದೇವ ಅತ್ತಿಗೆಗೆ, ನಗುತ್ತ. “ಕೆಮ್ಮ ಹೋತ.”

ಕೊಡ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಕೂಸನ್ನು ಎತ್ತಿಕೊಂಡು ಎದುರು ಮನೆಗೆ ಓಡುವಾಗ ಅದು ಅವಳ ಹೆಗಲ ಮೇಲೆ ಬಿಳಿಯ ವಾಂತಿ ಮಾಡಿಕೊಂಡಿತು. ಬಾಯಿಂದ ಜೊಲ್ಲು ನಿಲ್ಲಲಿಲ್ಲ, ಕಣ್ಣು ಮೇಲೆ ಸಿಕ್ಕಿಕೊಂಡವು. ಹುಡುಗನ ಅಪ್ಪ ಕುಣಾಲ ಕಾರು ತೆಗೆದ. ಅಜ್ಜಿ ಶಿವಗಂಗವ್ವ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಹಿಂದೆ ಕೂತಳು. ಬೀರದೇವ ಕುರಿಯ ಔಷಧ ಕುಡಿಸಿದ ಎಂದಷ್ಟೇ ಅವಳೆಂದಳು. ಯಾವ ಔಷಧ, ಎಷ್ಟು ಎಂದು ಯಾರೂ ಕೇಳಲಿಲ್ಲ, ಹೇಳಬೇಕೆಂದು ಅಕ್ಕುತಾಯಿಗೂ ಹೊಳೆಯಲಿಲ್ಲ. ಕಾರು ಮಿರಜಿನ ದವಾಖಾನೆಯ ದಾರಿ ಹಿಡಿಯಿತು.

ಅವಳು ಮನೆಗೆ ಬಂದು ನಿಂತಳು. ಖಾಲಿ ಬಾಟಲಿ ಕಟ್ಟೆಯ ಮೇಲಿತ್ತು, ಮುಚ್ಚಳ ಬಿಗಿಯಾಗಿ ತಿರುವಿತ್ತು. ಹೇಳಿದಂತೆಯೇ ಮಾಡಿದ್ದ. ಮೂಲೆಯಲ್ಲಿ ಆ ಎರಡು ಮರಿಗಳು ಬಿಳಿ ಮೂತಿ ನೆಕ್ಕಿಕೊಳ್ಳುತ್ತಿದ್ದವು. ಹೊರಗೆ ಮೋಟಾರ್ ಸೈಕಲ್ಲಿನ ಸಪ್ಪಳ ಕೇಳಿದ್ದೇ, ತನ್ನ ಕೈ ಏನು ಮಾಡುತ್ತಿದೆ ಎಂದು ತಿಳಿಯುವ ಮೊದಲೇ, ಅವಳು ಬಾಟಲಿಯನ್ನು ಟ್ರಂಕಿಗೆ ಹಾಕಿ ಕೀಲಿಯನ್ನು ಕೀಲಿಗಿಂಡಿಯಲ್ಲೇ ಬಿಟ್ಟಿದ್ದಳು.

ಬಾಬಾಸಾಹೇಬರು ದ್ರಾಕ್ಷಿ ತೋಟದಿಂದ ನೇರ ಬಂದಿದ್ದರು. ಜೊತೆಗೆ ಪಂಚಾಯಿತಿ ಮೆಂಬರು ತವನಪ್ಪ. ಬಾಬಾಸಾಹೇಬರು ದನಿ ಏರಿಸುವ ಮನುಷ್ಯರಲ್ಲ. ವರ್ಷವರ್ಷ ತಮ್ಮ ಹೊಲದಲ್ಲಿ ಜಕ್ಕಪ್ಪನ ಕುರಿ ಕೂರಿಸುತ್ತಿದ್ದವರು, ಬೀರದೇವನಿಗೆ ದೀಪಾವಳಿಗೆ ಅಂಗಿ ಕೊಡುತ್ತಿದ್ದವರು. ಈಗ ಚಪ್ಪಲಿ ಕಳಚದೆ ಪಡಸಾಲೆಗೆ ಏರಿದರು.

“ಔಷಧ ಎಲ್ಲಿ ಇಟ್ಟಿದ್ದಿ?”

“ಟ್ರಂಕಿನ್ಯಾಗ ಇತ್ರಿ ಮಾಲಕರ,” ಎಂದಳು ಅಕ್ಕುತಾಯಿ. “ನಾ ನೀರಿಗೆ ಹೋಗಿದ್ನಿರಿ. ಕೀಲಿ ಹೆಂಗ ಸಿಕ್ಕಿತೋ ಅವಂಗ.”

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ತನ್ನದೇ ದನಿ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಬೀರದೇವ ಅವಳ ಮುಖವನ್ನೇ ನೋಡುತ್ತಿದ್ದ. ಅವನಿಗೆ ಅದನ್ನು ಅಲ್ಲಗಳೆಯುವ ಮಾತು ಬರುತ್ತಿರಲಿಲ್ಲ.

ತವನಪ್ಪನಿಗೆ ಕಾಯದೆ ಗೊತ್ತಿತ್ತು, ಇಲ್ಲವೇ ಗೊತ್ತಿದ್ದವರ ಹಾಗೆ ಮಾತಾಡುತ್ತಿದ್ದ. ದವಾಖಾನೆಯವರು ಪೊಲೀಸರಿಗೆ ತಿಳಿಸಿಯೇ ತಿಳಿಸುತ್ತಾರೆ, ಕಾಗವಾಡದಿಂದ ಜೀಪು ಬರುತ್ತದೆ ಎಂದ. ಹುಚ್ಚನೇ ತಗೊಂಡು ಮಾಡಿದ್ದರೆ ಅವನನ್ನು ಎಲ್ಲಾದರೂ ದೂರದ ಆಸ್ಪತ್ರೆಗೆ ಹಾಕುತ್ತಾರೆ, ಯಾರಾದರೂ ಕೈಯಾರೆ ಕೊಟ್ಟಿದ್ದರೆ ಕೊಟ್ಟವರನ್ನೇ ಒಯ್ಯುತ್ತಾರೆ ಎಂದ. ಅಕ್ಕುತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಕೋಮಲ ಐದಕ್ಕೆ ಶಾಲೆಯಿಂದ ಬಂದು ಬಾಗಿಲಲ್ಲಿ ಅವ್ವಾ ಎಂದು ಕೂಗುವುದು ಈಗಲೇ ಕೇಳಿದಂತಾಯಿತು.

“ಹುಡುಗನ ಸೋದರಮಾವಗೋಳು ಬರಾಕತ್ತಾರ,” ಎಂದ ತವನಪ್ಪ. “ಮೂರೂ ಮಂದಿ ಒರಟರು. ಅವರು ಬರೂದರಾಗ ಇವನ್ನ ಕಟ್ಟು. ಕಟ್ಟಿದ್ರ ನಾವರ ತಡದೇವು. ಬಿಟ್ಟಿದ್ರ ನಮ್ಮ ಕೈಯಾಗ ಇಲ್ಲ.”

ಗೂಟಕ್ಕೆ ನೇತುಹಾಕಿದ್ದ ತುಪ್ಪಟದ ಹಗ್ಗವನ್ನು ಅವನೇ ತೆಗೆದು ಅವಳ ಕೈಗೆ ಕೊಟ್ಟ. ಹಗ್ಗ ಕಂಡದ್ದೇ ಬೀರದೇವ ಎದ್ದ. ಓಡಿಹೋಗುತ್ತಾನೆಂದು ತವನಪ್ಪ ಬಾಗಿಲಿಗೆ ಅಡ್ಡ ನಿಂತ. ಬೀರದೇವ ಕಂಬದ ಬುಡಕ್ಕೆ ಹೋಗಿ ಕೂತು, ಪಾಯಿಜಾಮ ಮೇಲೇರಿಸಿ, ಎಡಗಾಲನ್ನು ಮುಂದೆ ಚಾಚಿದ. ಅವ್ವ ಕಟ್ಟುವುದು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಮರೆತಿರಲಿಲ್ಲ.

ಅಕ್ಕುತಾಯಿ ಕಂಬದ ತನಕ ಬಂದಳು. ಅವನೆದುರು ಕೂತಳು. ಹಗ್ಗ ತೊಡೆಯ ಮೇಲಿತ್ತು, ಕೈ ಅದನ್ನು ಮುಟ್ಟಲೊಲ್ಲದು.

ಆಗ ಬಾಬಾಸಾಹೇಬರ ಫೋನು ರಿಂಗಾಯಿತು. ಕುಣಾಲ. ಅವರು ಸ್ಪೀಕರ್ ಒತ್ತಿದರು. ಡಾಕ್ಟರು ಔಷಧದ ಹೆಸರು ಕೇಳುತ್ತಿದ್ದರು, ಎಷ್ಟು ಹೊಟ್ಟೆಗೆ ಹೋಗಿದೆ ಎಂದು ಕೇಳುತ್ತಿದ್ದರು. ಕೂಸಿಗೆ ಎರಡು ಸಲ ಸೆಳೆತ ಬಂದಿತ್ತು. ಬಾಬಾಸಾಹೇಬರು ಟ್ರಂಕು ತೆರೆದು ಬಾಟಲಿ ಎತ್ತಿದರು, ಬೆಳಕಿಗೆ ಹಿಡಿದರು. ಹೆಸರನ್ನು ಅಕ್ಷರ ಅಕ್ಷರ ಓದಿ ಹೇಳಿದರು.

“ಪೂರಾ ಖಾಲಿ ಐತಿ ಕುಣಾಲ. ಹನಿ ಇಲ್ಲ.”

ಆ ಕಡೆ ಯಾರೋ ಮರಾಠಿಯಲ್ಲಿ ಅವಸರದಿಂದ ಮಾತಾಡಿದರು. ಕುಣಾಲನ ದನಿ ಒಡೆಯಿತು. ಬಾಟಲಿ ಪೂರ್ತಿ ಹೋಗಿದ್ದರೆ ಮಾಡುವ ಇಲಾಜೇ ಬೇರೆಯಂತೆ, ಅದನ್ನು ಇಷ್ಟು ಸಣ್ಣ ಕೂಸು ತಾಳುತ್ತದೋ ಇಲ್ಲವೋ ಅಂತಾರೆ ಎಂದ. ಖಾತ್ರಿಯಾಗಿ ಹೇಳಿ ಅಪ್ಪಾ ಎಂದ.

ಬಾಬಾಸಾಹೇಬರು ಬಾಟಲಿಯನ್ನೇ ನೋಡುತ್ತಿದ್ದರು. ಬೀರದೇವನ ಕಾಲು ಚಾಚಿದಂತೆಯೇ ಇತ್ತು.

“ಪೂರಾ ಅಲ್ರಿ,” ಎಂದಳು ಅಕ್ಕುತಾಯಿ.

ಯಾರಿಗೂ ಕೇಳಿಸಿದಂತಿರಲಿಲ್ಲ. ಅವಳು ಎದ್ದು ಫೋನಿನ ಹತ್ತಿರ ಬಂದಳು.

“ಒಂದ ಗೊಟ್ಟ ಹೋಗೇತ್ರಿ ಕೂಸಿನ ಹೊಟ್ಟ್ಯಾಗ. ಒಂದಕ್ಕಿಂತ ಹೆಚ್ಚಿಲ್ಲ. ನಾ ಕೊಡುವಾಗ ಬಾಟ್ಲ್ಯಾಗ ಮೂರ ಗೊಟ್ಟದಷ್ಟ ಉಳದಿತ್ತು. ಎರಡು ಆ ಮರಿಗೋಳಿಗೆ ಹಾಕ್ಯಾನ, ಮೂತಿ ನೋಡ್ರಿ. ಟ್ರಂಕಿನ್ಯಾಗ ಇರಲಿಲ್ರಿ. ನಾನ ಅವನ ಕೈಯಾಗ ಕೊಟ್ಟು ನೀರಿಗೆ ಹೋದ್ನಿ.”

ಗೊಟ್ಟ ಎಷ್ಟು ಹಿಡಿಯುತ್ತದೆ ಎಂದು ಕೇಳಿತು ಫೋನು. ತವನಪ್ಪ ಗೊಟ್ಟಕ್ಕೆ ನೀರು ತುಂಬಿ, ಕೋಮಲಳ ಜ್ವರದ ಔಷಧದ ಅಳತೆ ಮುಚ್ಚಳಕ್ಕೆ ಸುರಿದು ಸುರಿದು ಎಣಿಸಿದ. ಮೂರು ಮುಚ್ಚಳ, ಮೂವತ್ತು ಎಂ.ಎಲ್. ಆ ಕಡೆ ಮತ್ತೆ ಮರಾಠಿ, ಓಡಾಟದ ಸಪ್ಪಳ. ಹೇಳಿದ್ದು ಛಲೋ ಆಯಿತಂತೆ, ಆದರೆ ಬೆಳಗಿನ ತನಕ ಏನೂ ಅನ್ನಲು ಬರುವುದಿಲ್ಲವಂತೆ. ಫೋನು ಬಂದಾಯಿತು.

ಬಾಬಾಸಾಹೇಬರು ಖಾಲಿ ಬಾಟಲಿಯನ್ನು ಕಿಸೆಗೆ ಹಾಕಿಕೊಂಡರು. ಆಮೇಲೆ ಅವಳ ತೊಡೆಯಿಂದ ನೆಲಕ್ಕೆ ಜಾರಿದ್ದ ಹಗ್ಗದ ಕಡೆ ನೋಡಿದರು.

“ಮತ್ತ ಕಟ್ಟಬೇಕಾದ್ದು ಯಾರನ್ನ?” ಎಂದರು.

ಅವರು ಉತ್ತರಕ್ಕೆ ಕಾಯದೆ ಹೊರಟುಹೋದರು.

ಮೂರೂವರೆಗೆ ಜೀಪು ಬಂತು. ಪೇದೆ ಒಬ್ಬ, ಹೆಣ್ಣು ಪೇದೆ ಒಬ್ಬಳು. ಅಕ್ಕುತಾಯಿ ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಠಾಣೆಗೆ ಬಂದು ಬರೆಸಬೇಕು, ಸಾಹೇಬರು ಬರುವ ತನಕ ಕೂಡಬೇಕು, ಮುಂದಿನದು ಕೂಸಿನ ಮೇಲೆ ನಿಂತಿದೆ ಎಂದರು. ಜಕ್ಕಪ್ಪನಿಗೆ ಫೋನು ಹೋಗಿತ್ತು. ಹಿಂಡನ್ನು ಯಾರಿಗಾದರೂ ಒಪ್ಪಿಸಿ ಬಂದು ಮುಟ್ಟಲು ರಾತ್ರಿ ಆಗುತ್ತಿತ್ತು. ಬೀರದೇವನನ್ನು ಜೊತೆಗೆ ಕರಕೊಂಡು ಬರುತ್ತೇನೆ ಎಂದು ಅವಳು ಕೇಳಿಕೊಂಡಳು. ಹೆಣ್ಣು ಪೇದೆ ಅವನ ಮೈಯನ್ನೂ ಕೈಗಳನ್ನೂ ನೋಡಿ ಆಗುವುದಿಲ್ಲ ಎಂದಳು.

ಓಣಿಯ ಬಾಗಿಲುಗಳಲ್ಲಿ ಮಂದಿ ನಿಂತಿದ್ದರು. ನಿನ್ನೆಯವರೆಗೆ ಬೀರದೇವನ ಕೈಗೆ ತಮ್ಮ ಕೂಸು ಕೊಟ್ಟು ಹೊಲಕ್ಕೆ ಹೋಗುತ್ತಿದ್ದವರು. ಒಂದು ತಾಸು ನೋಡಿಕೊಳ್ಳಿ ಎಂದು ಅಕ್ಕುತಾಯಿ ಇಬ್ಬರನ್ನು ಕೇಳಿದಳು. ಒಬ್ಬಳು ಒಳಗೆ ಹೋದಳು. ಇನ್ನೊಬ್ಬಳು ತನ್ನ ಮಗಳನ್ನು ಸೊಂಟಕ್ಕೆತ್ತಿಕೊಂಡಳು. ಬಿಟ್ಟು ಹೋದರೆ ಬೀರದೇವ ಜೀಪಿನ ಹಿಂದೆ ಓಡುತ್ತಾನೆ ಎಂದು ಅಕ್ಕುತಾಯಿಗೆ ಗೊತ್ತಿತ್ತು. ಜಕ್ಕಪ್ಪ ಹೊರಟಾಗಲೂ ಹಾಗೇ ಓಡಿದ್ದ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಎರಡೆರಡು ಟ್ರಾಲಿ. ಸೋದರಮಾವಂದಿರು ಇನ್ನೂ ಬಂದಿರಲಿಲ್ಲ.

“ತವನಪ್ಪಣ್ಣಾರ,” ಎಂದಳು. “ಕಟ್ಟಿದ್ರ ತಡದೇವು ಅಂದ್ರಿ. ತಡೀತೀರೇನ್ರಿ?”

ತವನಪ್ಪ ನೆಲ ನೋಡಿ ಹೂಂ ಎಂದ. ಕೋಮಲ ಬಂದರೆ ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದ.

ಬೀರದೇವ ಇನ್ನೂ ಕಂಬದ ಬುಡದಲ್ಲೇ ಇದ್ದ. ಅವಳು ಮಡಕೆಯ ನೀರು ತಂದು ಅವನ ಪಕ್ಕಕ್ಕಿಟ್ಟಳು, ತಟ್ಟೆಯಲ್ಲಿ ರೊಟ್ಟಿ ಇಟ್ಟಳು, ಹರಿದ ಧೋತರ ಮಡಚಿ ಕರಿ ಕಲೆಯ ಮೇಲೆ ಸುತ್ತಿ, ಅದರ ಮೇಲೆ ಹಗ್ಗ ತಂದಳು. ಗಂಟು ಹಾಕಿ, ಮರಿಗೆ ಕಟ್ಟುವಾಗ ನೋಡುವಂತೆ, ಎರಡು ಬೆರಳು ಒಳಗೆ ಹೋಗುತ್ತವೆಯೇ ಎಂದು ನೋಡಿದಳು. ಹೋದವು.

“ಈಗ ಬರ್ತೇನಿ,” ಎಂದಳು.

“ಲಗೂ ಬಾ,” ಎಂದ ಬೀರದೇವ.

ಎರಡು ಮರಿಗಳು ಬಂದು ಅವನ ತೊಡೆಗೆ ಒರಗಿದವು. ಒಂದು ಕೆಮ್ಮಿತು. ಅವನು ಗೊಟ್ಟ ಹುಡುಕಿ ಸುತ್ತ ನೋಡಿದ, ಅದು ಅಲ್ಲಿರಲಿಲ್ಲ. ಜೀಪು ಓಣಿ ದಾಟಿತು. ಅತ್ತೆಗೆ ಕೊಟ್ಟ ಮಾತನ್ನು ಅಕ್ಕುತಾಯಿ ಅಂದು ಮುರಿದಳು.